ಸುಣ್ಣಕ್ಕೆ ಆತುರ ಇಲ್ಲ ಕಣವ್ವ

ಬಿ.ಇ ಸಿವಿಲ್ ಮುಗಿಸಿ ಎಂಟು ತಿಂಗಳು ಕೆಲಸಕ್ಕಾಗಿ ಅಲೆದಿದ್ದೆ. ಕೊನೆಗೆ ಸಿಕ್ಕಿದ್ದು ಮೈಸೂರಿನ ಹಳೆಯ ಮನೆಯೊಂದರ ರಿಪೇರಿ ಸೈಟ್. ‘ಗಾರೆ ಕೆಲಸ ನನ್ನ ಕಾಲಕ್ಕೇ ಸಾಕಿತ್ತು. ನಿನ್ನನ್ನ ಇದಕ್ಕಾ ಓದಿಸಿದ್ದು?’ ಎಂದು ಅಪ್ಪ ಮುಖ ತಿರುಗಿಸಿದರು. ಜೀವನವಿಡೀ ಕರಣೆ ಹಿಡಿದವರು ಅವರು.

ಸೈಟಿನಲ್ಲಿ ಒಂದೂ ಸಿಮೆಂಟ್ ಚೀಲ ಕಾಣಲಿಲ್ಲ. ಗುಂಡಿಯಲ್ಲಿ ನೀರಿನಡಿ ಮೊಸರಿನಂತಿದ್ದ ಸುಣ್ಣ, ಪಕ್ಕದಲ್ಲಿ ಮರಳು, ಇಟ್ಟಿಗೆ ಪುಡಿ ಅಂದರೆ ಸುರ್ಕಿ, ಡ್ರಮ್ಮಿನಲ್ಲಿ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ‘ಇದರಲ್ಲಿ ಗೋಡೆ ನಿಲ್ಲುತ್ತಾ ತಾತ?’ ಎಂದು ಕೇಳಿಯೇಬಿಟ್ಟೆ. ಮೇಸ್ತ್ರಿ ತಾತ ನಕ್ಕರು. ‘ಕನ್ನಂಬಾಡಿ ಕಟ್ಟೆ ಯಾತರಲ್ಲಿ ಕಟ್ಟಿದ್ದು ಅನ್ಕೊಂಡೆ ಇಂಜಿನಿಯರಮ್ಮ? ಇದೇ ಸುರ್ಕಿ ಗಾರೆ.’ 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯ ಮುಂದೆ ಸೆಲ್ಫಿ ತೆಗೆದುಕೊಂಡಿದ್ದೆನೇ ಹೊರತು ಅದು ಯಾತರದ್ದೆಂದು ಕೇಳಿರಲಿಲ್ಲ.

ಸುಣ್ಣದ ಗಾರೆ ಬಲು ನಿಧಾನ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಾ ಮತ್ತೆ ಕಲ್ಲಾಗಬೇಕು. ಅಲ್ಲಿಯವರೆಗೆ ಬೇಗ ಒಣಗದಂತೆ ಒದ್ದೆ ಗೋಣಿಚೀಲ ಹೊದಿಸಿ ಕಾಯಬೇಕು. ತಾತ ಊರಹಬ್ಬಕ್ಕೆ ಹೋದ ದಿನ ಮನೆಯವರು ‘ಇನ್ನೂ ಎಷ್ಟು ದಿನ?’ ಎಂದು ರೇಗಿದರು. ನಾನು ಅರ್ಧ ಚೀಲ ಸಿಮೆಂಟ್ ತರಿಸಿ ಕಿಟಕಿ ಕೆಳಗಿನ ಸಂದುಗಳನ್ನೆಲ್ಲ ತುಂಬಿಸಿದೆ. ಮಾರನೆಯ ದಿನಕ್ಕೇ ಗಟ್ಟಿ! ಬೀಗಿದೆ.

ವಾಪಸ್ ಬಂದ ತಾತ ಬೈಯಲಿಲ್ಲ. ನನ್ನನ್ನು ಹಿತ್ತಿಲ ಗೋಡೆಯ ಹತ್ತಿರ ಕರೆದೊಯ್ದರು. ಅದಕ್ಕೆ ಹಿಂದೆ ಯಾರೋ ಸಿಮೆಂಟ್ ಬಳಿದಿದ್ದರು. ಬೆರಳಿಂದ ತಟ್ಟಿದರೆ ಇಟ್ಟಿಗೆ ಪುಡಿ ಉದುರಿತು. ಹಳೆಯ ಇಟ್ಟಿಗೆ ಮೆತ್ತಗಿನದು, ತೇವ ಎಳೆದುಕೊಳ್ಳುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಆವಿಯಾಗಿ ಹೊರಹೋಗಲು ಬಿಡುತ್ತದೆ. ಸಿಮೆಂಟ್ ಅದನ್ನು ತಡೆಯುತ್ತದೆ. ಆಗ ತೇವ ಇಟ್ಟಿಗೆಯಲ್ಲೇ ಉಳಿದು, ಅದರಲ್ಲಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನೇ ಒಡೆಯುತ್ತದೆ. ‘ಹಾಳಾದ್ರೆ ಗಾರೆ ಹಾಳಾಗ್ಬೇಕು, ಇಟ್ಟಿಗೆ ಅಲ್ಲ. ಗಾರೆ ಮತ್ತೆ ತುಂಬ್ಬೋದು’ ಎನ್ನುತ್ತಾ ಉಳಿ, ಸುತ್ತಿಗೆ ನನ್ನ ಕೈಗಿತ್ತರು.

ನಾನೇ ತುಂಬಿಸಿದ್ದನ್ನು ನಾನೇ ಕೆತ್ತಿದೆ. ಎಷ್ಟು ಜೋಪಾನ ಮಾಡಿದರೂ ಎರಡು ಇಟ್ಟಿಗೆಗಳ ಅಂಚು ಸಿಮೆಂಟಿನ ಜೊತೆಗೇ ಕಿತ್ತು ಬಂತು. ನಮ್ಮಜ್ಜಿಗಿಂತ ಹಳೆಯ ಇಟ್ಟಿಗೆಗಳು. ಅಳು ಬಂತು. ‘ಸುಣ್ಣಕ್ಕೆ ಆತುರ ಇಲ್ಲ ಕಣವ್ವ. ನಮಗೇ ಇರೋದು’ ಎಂದರು ತಾತ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದು ಮೈಸೂರಿನವರಿಗೆ ನೆನಪಿದೆ. ಇಂಥ ಹಳೆಯ ಕಟ್ಟಡಗಳಿಗೆ ಕೈ ಹಾಕಲು ಈ ವಿದ್ಯೆ ಗೊತ್ತಿದ್ದವರು ಬೇಕು. ಕೆಲಸ ಹುಡುಕುತ್ತಿರುವ ನನ್ನಂಥವರು ಇತ್ತಲೂ ಒಮ್ಮೆ ನೋಡಬಹುದು.

ಅಂದು ರಾತ್ರಿ ಸುಣ್ಣಕ್ಕೆ ಬಿರಿದಿದ್ದ ನನ್ನ ಕೈ ನೋಡಿ ಅಪ್ಪ ಕೊಬ್ಬರಿ ಎಣ್ಣೆ ತಂದುಕೊಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸುಣ್ಣ ಎಷ್ಟು ದಿನ ನೆನೆಸಿದ್ರು? ನಮ್ಮಪ್ಪ ಎತ್ತು ಕಟ್ಟಿ ಗಾಣದಲ್ಲಿ ಗಾರೆ ಅರೀತಿದ್ರು’ ಎಂದರು. ನನ್ನ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು.