ಕಾಣದ ದಿಕ್ಕುಗಳು

ಪುಟ್ಟ ಅಯಸ್ಕಾಂತವೊಂದು ಗುಂಡುಸೂಜಿಯನ್ನು ಮೇಲೆತ್ತುತ್ತದೆ. ಇಡೀ ಭೂಮಿಯೇ ಕೆಳಗೆ ಸೆಳೆಯುತ್ತಿದ್ದರೂ ಸೋಲುತ್ತದೆ. ಗುರುತ್ವವೇಕೆ ಇಷ್ಟು ದುರ್ಬಲ?

1998ರಲ್ಲಿ ಅರ್ಕಾನಿ-ಹಮೆದ್, ಡಿಮೊಪೌಲೊಸ್, ದ್ವಾಲಿ ಎಂಬ ಭೌತವಿಜ್ಞಾನಿಗಳು ಸೋಜಿಗದ ಉತ್ತರವೊಂದನ್ನು ಮುಂದಿಟ್ಟರು. ನಮ್ಮ ಜಗತ್ತು ಹೆಚ್ಚು ಆಯಾಮಗಳ ಅವಕಾಶದಲ್ಲಿರುವ ಒಂದು ಪೊರೆಯಾಗಿರಬಹುದು. ತಾಳೆಗರಿಯನ್ನು ಬಿಟ್ಟೇಳಲಾರದ ಅಕ್ಷರಗಳಂತೆ ಬೆಳಕೂ ದ್ರವ್ಯವೂ ಅದಕ್ಕೆ ಅಂಟಿಕೊಂಡಿವೆ. ಗುರುತ್ವ ಮಾತ್ರ ಆಚೆಗೂ ಹರಡಿ ಕ್ಷೀಣಿಸುತ್ತದೆ. ಹಾಗಿದ್ದರೆ, ಅತಿ ಸಮೀಪದಲ್ಲಿ ಸೆಳೆತವು ನ್ಯೂಟನ್ನನ ಲೆಕ್ಕವನ್ನು ಮೀರಿ ಬಲಿಯಬೇಕು. ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಕೂದಲೆಳೆಯ ದಪ್ಪದ, 52 ಮೈಕ್ರೋಮೀಟರಿನ ಅಂತರದವರೆಗೂ ಅಳೆದು 2020ರಲ್ಲಿ ಪ್ರಕಟಿಸಿದರು: ನ್ಯೂಟನ್ನನ ನಿಯಮ ಕದಲಲಿಲ್ಲ. ಇನ್ನೂ ಕಿರಿದಾದ ಆಯಾಮಗಳಿಗೆ ಎಡೆ ಉಳಿದಿದೆ, ಅಷ್ಟೆ.

ಕಲ್ಪನೆಗೆ ಲೋಕದ ಸಾಕ್ಷಿ ಬೇಡವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಇಲ್ಲಿ ಕಲ್ಪನೆಯೇ ತನ್ನನ್ನು ಸುಳ್ಳಾಗಿಸಬಲ್ಲ ತಕ್ಕಡಿಯನ್ನು ತೋರಿಸಿಕೊಡುತ್ತದೆ. ಆ ದಿಟ್ಟತನಕ್ಕೆ ಈ ಮೇಷ್ಟರು ತಲೆಬಾಗುತ್ತಾನೆ.