ನಾಯಿ ನಿಯಂತ್ರಣ ನಿಯಮಗಳು ಮತ್ತು ಸಾರ್ವಜನಿಕ ಸಮಾಲೋಚನೆ

ಬೀದಿ, ಉದ್ಯಾನ, ಆಟದ ಮೈದಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ನಾಯಿಗಳ ಕುರಿತು ನಿಯಮ ರೂಪಿಸುವ ಮುನ್ನ ಅದರ ಕರಡನ್ನು ಪ್ರಕಟಿಸಿ, ಜನರ ಆಕ್ಷೇಪಣೆ ಹಾಗೂ ಸಲಹೆಗಳನ್ನು ಪಡೆಯುವ ಕ್ರಮವೇ ಸಾರ್ವಜನಿಕ ಸಮಾಲೋಚನೆ. ಕರ್ನಾಟಕದಲ್ಲಿ ಇಂತಹ ಉಪವಿಧಿಗಳನ್ನು (ಬೈಲಾ) ಮಹಾನಗರ ಪಾಲಿಕೆಗಳು 1976ರ, ಪುರಸಭೆಗಳು 1964ರ, ಗ್ರಾಮ ಪಂಚಾಯಿತಿಗಳು 1993ರ ಅಧಿನಿಯಮದ ಅಡಿಯಲ್ಲಿ ರಚಿಸಬಹುದು. ಬೆಂಗಳೂರಿಗೆ ಪ್ರತ್ಯೇಕ ಕಾನೂನಿದೆ.

ಕಾನೂನಿನ ಭಾಷೆಯಲ್ಲಿ ಈ ಕ್ರಮಕ್ಕೆ 'ಪೂರ್ವ ಪ್ರಕಟಣೆ' ಎನ್ನುತ್ತಾರೆ. ಕೇಂದ್ರದ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೆಯ ಪ್ರಕರಣವು ಇದನ್ನು ವಿವರಿಸುತ್ತದೆ: ಕರಡನ್ನು ಪ್ರಕಟಿಸಬೇಕು, ಅದನ್ನು ಪರಿಶೀಲನೆಗೆ ತೆಗೆದುಕೊಳ್ಳುವ ದಿನಾಂಕವನ್ನು ತಿಳಿಸಬೇಕು, ಅದಕ್ಕೂ ಮೊದಲು ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು. ಪರಿಗಣಿಸುವುದೆಂದರೆ ಒಪ್ಪಿಕೊಳ್ಳುವುದಲ್ಲ, ಆದರೆ ಓದದೆ ಬದಿಗಿಡುವುದೂ ಅಲ್ಲ.

ಈ ಹಂತವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ರ ಪ್ರಕರಣವು ಸ್ಪಷ್ಟ ನಿದರ್ಶನ. ಆ ವರ್ಷ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ಆಮದು, ಸಂತಾನಾಭಿವೃದ್ಧಿ ಮತ್ತು ಮಾರಾಟವನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಈಗಾಗಲೇ ಮನೆಗಳಲ್ಲಿರುವ ಆ ತಳಿಯ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಅದರಲ್ಲಿತ್ತು. ಕಚ್ಚಿಸಿಕೊಂಡವರ ನೋವು ಸುತ್ತೋಲೆಯ ಹಿಂದಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೂ ಕರ್ನಾಟಕ ಉಚ್ಚ ನ್ಯಾಯಾಲಯವು ಏಪ್ರಿಲ್ 10ರಂದು ಅದನ್ನು ರದ್ದುಗೊಳಿಸಿತು. ಸಂಬಂಧಪಟ್ಟವರ ಅಹವಾಲನ್ನು ಕೇಳಿರಲಿಲ್ಲ, ಶಿಫಾರಸು ಮಾಡಿದ ತಜ್ಞ ಸಮಿತಿಯೂ ನಿಯಮಾನುಸಾರ ರಚನೆಯಾಗಿರಲಿಲ್ಲ ಎಂಬುದು ಮುಖ್ಯ ಕಾರಣ. ನಾಯಿ ಕಚ್ಚಿದರೆ ಚಿಕಿತ್ಸೆಯ ವೆಚ್ಚ ಮತ್ತು ಪರಿಹಾರ ಮಾಲೀಕನ ಹೊಣೆ ಎಂಬ ಅಂಶವನ್ನು ನ್ಯಾಯಾಲಯವು ಅದೇ ತೀರ್ಪಿನಲ್ಲಿ ಎತ್ತಿ ಹೇಳಿದೆ. ಸರಿಯಾದ ವಿಧಾನದಲ್ಲಿ ಮತ್ತೆ ನಿಯಮ ತರಲು ಸರ್ಕಾರಕ್ಕೆ ದಾರಿ ತೆರೆದೇ ಇತ್ತು.

ಇದಕ್ಕೂ ಮೊದಲು, 2018ರಲ್ಲಿ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಾಕುನಾಯಿ ಪರವಾನಗಿ ಉಪವಿಧಿಯು ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂಬ ಮಿತಿ ಹೇರಿ ತೀವ್ರ ವಿರೋಧ ಎದುರಿಸಿತು. ಬಳಿಕ ಅದನ್ನು ಹಿಂಪಡೆಯಲಾಯಿತು.

ಸಮಾಲೋಚನೆಗೆ ಮಿತಿಗಳೂ ಇವೆ. ಬೀದಿನಾಯಿಗಳನ್ನು ಕೊಲ್ಲಿಸಿ ಎಂಬ ಬೇಡಿಕೆಯನ್ನು ಎಷ್ಟೇ ಜನ ಬರೆದುಕೊಟ್ಟರೂ ಸ್ಥಳೀಯ ಸಂಸ್ಥೆಯು ಅದನ್ನು ಉಪವಿಧಿಯಾಗಿಸಲಾರದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ನಿರೋಧಕ ಲಸಿಕೆಯ ಮಾರ್ಗವನ್ನು ವಿಧಿಸಿವೆ. ಶಾಲೆ, ಆಸ್ಪತ್ರೆ, ಬಸ್ ಹಾಗೂ ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಯೇ ಬಿಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆದೇಶಿಸಿತು. ಸ್ಥಳೀಯರು ಚರ್ಚಿಸಬಹುದಾದದ್ದು ಆಹಾರ ಹಾಕುವ ಜಾಗ ಮತ್ತು ಸಮಯ, ನೋಂದಣಿ, ಸರಪಳಿಯ ಕಡ್ಡಾಯ, ಮಲ ತೆಗೆಯುವ ಹೊಣೆ ಮುಂತಾದವು.

ಘಟಪ್ರಭಾ ನದಿಯ ದಂಡೆಯ ಧುಪದಾಳದಂತಹ ಊರುಗಳಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಹೊಲ, ಹಟ್ಟಿ ಕಾಯುವ ನಾಯಿ ಹಗಲಿಡೀ ಓಣಿಯಲ್ಲಿ ಅಲೆದು ರಾತ್ರಿ ರೊಟ್ಟಿಗೆ ಮನೆಗೆ ಬರುತ್ತದೆ. ಅದು ಸಾಕುನಾಯಿಯೋ ಬೀದಿನಾಯಿಯೋ? ನಗರಕ್ಕೆಂದು ಬರೆದ ಕರಡಿನಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ಗ್ರಾಮಗಳಲ್ಲಿ ಇದನ್ನು ಎತ್ತಲು ತಕ್ಕ ವೇದಿಕೆ ಗ್ರಾಮಸಭೆ. ಲಿಖಿತ ಆಕ್ಷೇಪಣೆ ಸಲ್ಲಿಸುವವರು ಕರಡಿನ ಯಾವ ಖಂಡದ ಬಗ್ಗೆ ಹೇಳುತ್ತಿದ್ದೇವೆಂದು ನಮೂದಿಸಿ, ಬದಲಿ ವಾಕ್ಯವನ್ನೂ ಸೂಚಿಸಿ, ಗಡುವಿನೊಳಗೆ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು.