ಶಾಲಾ ಕಚೇರಿಯ ಗಣಕದಲ್ಲಿ ಮ್ಯಾಕ್ರೋ ದೋಷಗಳು

ಪ್ರವೇಶ ದಾಖಲೆ, ಅಂಕಪಟ್ಟಿ, ದಾನಿಗಳ ರಸೀದಿ ಮೊದಲಾದ ಲೆಕ್ಕಪತ್ರಗಳು ಈಗ ಗಣಕಯಂತ್ರದ ಎಕ್ಸೆಲ್ ಹಾಳೆಗಳಲ್ಲಿ ನೆಲೆಗೊಂಡಿವೆ. ನೂರಾರು ಹೆಸರುಗಳ ಮೇಲೆ ಒಂದೇ ಕೆಲಸವನ್ನು ಮರಳಿ ಮರಳಿ ಮಾಡಬೇಕಾದಲ್ಲಿ ಆದೇಶಗಳನ್ನು ಸಾಲಾಗಿ ಬರೆದಿಟ್ಟು ಒಮ್ಮೆಗೇ ನಡೆಸಬಹುದು. ಈ ಆದೇಶಮಾಲೆಗೆ ಮ್ಯಾಕ್ರೋ ಎಂದು ಹೆಸರು. ಅದು ಕೆಟ್ಟು ನಿಂತರೆ ಅಷ್ಟು ಚಿಂತೆಯಿಲ್ಲ. ನಿಂತುದು ಕಣ್ಣಿಗೆ ಕಾಣುತ್ತದೆ. ನಿಲ್ಲದೆ ಓಡಿ, ವಿದ್ಯಾರ್ಥಿವೇತನದ ಪಟ್ಟಿಯಿಂದ ಒಂದು ಮಗುವಿನ ಹೆಸರನ್ನು ಸದ್ದಿಲ್ಲದೆ ಬಿಟ್ಟರೆ ಅದೇ ಅನರ್ಥ. ಕನ್ನಡದ ಹಾಳೆಗಳಲ್ಲಿ ಇಂಥ ಅನರ್ಥಕ್ಕೆ ಅಕ್ಷರವೇ ಕಾರಣವಾಗುವುದುಂಟು.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. 'ಕುಷ್ಟಗಿ' ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಯುನಿಕೋಡ್ ಕ್ರಮದಲ್ಲಿ ಯಂತ್ರಕ್ಕೆ ಅವು ಏಳು ಸಂಕೇತಗಳು: ಕ, ಉಕಾರದ ಚಿಹ್ನೆ, ಷ, ಹಲಂತಚಿಹ್ನೆ, ಟ, ಗ, ಇಕಾರದ ಚಿಹ್ನೆ. ವ್ಯಾಕರಣರೀತ್ಯಾ ಬಿಡಿಸಿದರೂ ವರ್ಣಗಳು ಏಳೇ: ಕ್, ಉ, ಷ್, ಟ್, ಅ, ಗ್, ಇ. ಎಣಿಕೆ ಒಂದಾದರೂ ಅವಯವಗಳು ಬೇರೆ ಎಂಬುದು ಪಂಡಿತರಿಗೆ ವಿನೋದದ ಸಂಗತಿ. ಯಂತ್ರವು ಅಕಾರಸಹಿತವಾದ ವ್ಯಂಜನವನ್ನೇ ಮೂಲವೆಂದು ಹಿಡಿದು, ಆ ಅಕಾರವನ್ನು ಕಳೆಯಲು ಬೇರೊಂದು ಚಿಹ್ನೆಯನ್ನು ಇರಿಸಿಕೊಂಡಿದೆ. ಹೀಗಿರುವಲ್ಲಿ ಮೊದಲ ಮೂರು ಅಕ್ಷರಗಳನ್ನು ತೆಗೆಯೆಂದು 'ಲೆಫ್ಟ್' ಆದೇಶವಿತ್ತರೆ ದೊರೆಯುವುದು 'ಕುಷ' ಮಾತ್ರ.

ಇದಕ್ಕಿಂತ ಸೂಕ್ಷ್ಮವಾದುದು 'ಕೊಪ್ಪಳ'ದ ತೊಡಕು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಊಕಾರಗಳ ಚಿಹ್ನೆಗಳೆರಡನ್ನು ಕೂಡಿಸಿಯೂ ಇಡಬಹುದು. ತೆರೆಯ ಮೇಲೆ ರೂಪ ಒಂದೇ. ಮ್ಯಾಕ್ರೋ ಹೋಲಿಸಿದಾಗ ಮಾತ್ರ ಅವು ಎರಡು ಬೇರೆ ಊರುಗಳು! ಆದುದರಿಂದ ಹೋಲಿಕೆಗೆ ಮುನ್ನ 'ರಿಪ್ಲೇಸ್' ಆದೇಶದಿಂದ ಜೋಡಿಯನ್ನು ಒಂಟಿ ಸಂಕೇತಕ್ಕೆ ತಿರುಗಿಸಿಕೊಳ್ಳಬೇಕು. ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಜಾಗವೂ ಇದೇ ಬಗೆಯ ಕಳ್ಳ.

ಹಳೆಯ ಕಡತಗಳ ಕಥೆಯೇ ಬೇರೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಬರಹದ ಒಳಗಿರುವುದು ರೋಮನ್ ಲಿಪಿಗೆ ಸೇರಿದ ಸಂಕೇತಗಳು. ಕನ್ನಡವು ಮೇಲಿನ ವೇಷ. ಅಕ್ಷರಶೈಲಿಯನ್ನು ಏರಿಯಲ್ಲಿಗೆ ಬದಲಿಸಿದೊಡನೆ ಗುಟ್ಟು ರಟ್ಟಾಗುತ್ತದೆ. ಇಂಥ ಹಾಳೆಯನ್ನು ಮೊದಲು ಯುನಿಕೋಡಿಗೆ ಪರಿವರ್ತಿಸದೆ ಮ್ಯಾಕ್ರೋ ನಡೆಸುವುದು ವ್ಯರ್ಥ.

ಮ್ಯಾಕ್ರೋ ಬರೆಯುವ ವಿಬಿಎ ಕಿಟಕಿಯಲ್ಲಿ ಕನ್ನಡ ಪದವನ್ನು ಬರೆದರೆ ಅದು ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಸಿಎಚ್‌ಆರ್‌ಡಬ್ಲ್ಯೂ ಎಂಬ ಆದೇಶಕ್ಕೆ 3221 ಎಂಬ ಸಂಖ್ಯೆಯನ್ನು ಕೊಟ್ಟು ಕಕಾರವನ್ನು ಪಡೆಯಬಹುದು. ಆದರೆ ಬೇಕಾದ ಪದಗಳನ್ನು ಹಾಳೆಯ ಒಂದು ಮೂಲೆಯಲ್ಲಿ ಬರೆದಿಟ್ಟು ಮ್ಯಾಕ್ರೋ ಅಲ್ಲಿಂದ ಓದಿಕೊಳ್ಳುವಂತೆ ಮಾಡುವುದೇ ಸುಲಭ.

ಮ್ಯಾಕ್ರೋ ನಡೆಯಲೇ ಒಲ್ಲದಿದ್ದರೆ ಕಾರಣ ಅಕ್ಷರವಲ್ಲ. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಡೆಹಿಡಿಯುತ್ತಿದೆ. ಕಳುಹಿಸಿದವರು ಖಚಿತವಾಗಿ ಗೊತ್ತಿದ್ದಲ್ಲಿ ಮಾತ್ರ ಕಡತದ 'ಪ್ರಾಪರ್ಟೀಸ್' ಭಾಗದಲ್ಲಿ ಆ ತಡೆಯನ್ನು ತೆಗೆಯಬಹುದು.

'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಎಂಬ ಸಾಲನ್ನು ಸೇರಿಸಿ ದೋಷಸೂಚನೆಗಳ ಕಾಟದಿಂದ ಪಾರಾಗುವವರಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇದು. ದೋಷ ಹಾಗೆಯೇ ಇರುತ್ತದೆ, ಸೂಚನೆ ಮಾತ್ರ ಅಡಗುತ್ತದೆ. ಅದನ್ನು ಅಳಿಸಿ, ಎಫ್ 8 ಗುಂಡಿಯೊತ್ತುತ್ತ ಒಂದೊಂದೇ ಸಾಲನ್ನು ನಡೆಸಿ ನೋಡಬೇಕು. ಮ್ಯಾಕ್ರೋ ಮಾಡಿದ ಬದಲಾವಣೆಯನ್ನು ಎಕ್ಸೆಲ್ಲಿನಲ್ಲಿ ಹಿಂತೆಗೆಯಲು ಬಾರದಾದ್ದರಿಂದ ಈ ಪರೀಕ್ಷೆಯೆಲ್ಲ ಪ್ರತಿಯೊಂದರ ಮೇಲೆಯೇ ನಡೆಯತಕ್ಕದ್ದು. ತಾಳೆಯಾಗದ ಹೆಸರುಗಳನ್ನು ಬಿಟ್ಟುಬಿಡದೆ ಬೇರೊಂದು ಹಾಳೆಗೆ ಇಳಿಸುವಂತೆ ಮ್ಯಾಕ್ರೋದಲ್ಲಿಯೇ ಏರ್ಪಾಟು ಮಾಡಿ, ಆ ಹಾಳೆಯನ್ನು ಅಧ್ಯಾಪಕರೊಬ್ಬರು ಪ್ರವೇಶ ದಾಖಲೆಯ ಪುಸ್ತಕದೊಡನೆ ಇಟ್ಟುಕೊಂಡು ಓದಬೇಕು.